300ರ ಸೆಟ್‌ನಲ್ಲಿ ಕೊನೆಯ 42 ಕಾರ್ಡ್‌ಗಳು: ಪ್ಯಾಕೆಟ್ ಕೊಳ್ಳುವುದನ್ನು ಯಾವಾಗ ನಿಲ್ಲಿಸಬೇಕು?

ಪ್ರಶ್ನೆ: ಈ ಸೀಸನ್ನಿನ ಫುಟ್‌ಬಾಲ್ ಲೀಗ್ ಕಾರ್ಡ್‌ಗಳ ಸೆಟ್ ಕೂಡಿಸುತ್ತಿದ್ದೇನೆ. ಬೇಸ್ (ಸಾಮಾನ್ಯ ಕಾರ್ಡ್‌ಗಳ) ಸೆಟ್‌ನಲ್ಲಿ 300 ಕಾರ್ಡ್. ಪ್ಯಾಕೆಟ್ಟಿಗೆ 6 ಬೇಸ್ ಕಾರ್ಡ್, ಕೆಲವದರಲ್ಲಿ ಮೇಲೊಂದು ಹೊಳಪಿನ ಕಾರ್ಡ್. ನೂರು ಪ್ಯಾಕೆಟ್ ಒಡೆದಾಯಿತು. ಇನ್ನೂ 42 ಕಾರ್ಡ್ ಸಿಕ್ಕಿಲ್ಲ, ಡಬಲ್‌ಗಳು ಮಾತ್ರ ರಾಶಿ ಬಿದ್ದಿವೆ. ಕಂಪನಿಯವರು ಬೇಕೆಂದೇ ಕೆಲವು ಕಾರ್ಡ್ ಕಡಿಮೆ ಮುದ್ರಿಸುತ್ತಾರೆಯೇ? ಇನ್ನೆಷ್ಟು ಪ್ಯಾಕೆಟ್ ಬೇಕಾದೀತು? ಹೊಳಪಿನ ಕಾರ್ಡ್‌ಗಳು ಬಾಗುತ್ತಿವೆ, ಏನು ಮಾಡಲಿ? ಹೆಸರಾಂತ ಆಟಗಾರರ ಕಾರ್ಡ್‌ಗಳನ್ನು ಗ್ರೇಡಿಂಗ್‌ಗೆ (ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಕಂಪನಿಗೆ) ಕಳಿಸಿದರೆ ಲಾಭವಿದೆಯೇ? 24 ಪ್ಯಾಕೆಟ್‌ಗಳ ಒಂದು ಬಾಕ್ಸ್ ಒಡೆಯದೆ ಇಟ್ಟಿದ್ದೇನೆ. ಇಟ್ಟುಕೊಳ್ಳಲೇ, ಒಡೆಯಲೇ?

ಉತ್ತರ: 600 ಕಾರ್ಡ್ ಕೊಂಡವರಿಗೆ 300ರ ಸೆಟ್‌ನಲ್ಲಿ ಸರಾಸರಿ 40–41 ಕಾರ್ಡ್ ಸಿಗದೇ ಉಳಿಯುತ್ತವೆ. ನಿಮಗೆ ಉಳಿದಿರುವುದು 42. ಅಂದರೆ ನಿಮ್ಮ ಅದೃಷ್ಟವೂ ಕೆಟ್ಟಿಲ್ಲ, ಕಂಪನಿ ಮೋಸ ಮಾಡಿದೆ ಎನ್ನಲು ಆಧಾರವೂ ಇಲ್ಲ. ಎಲ್ಲ ಕಾರ್ಡ್‌ಗಳನ್ನೂ ಸಮವಾಗಿ ಮುದ್ರಿಸಿ ಚೆನ್ನಾಗಿ ಬೆರೆಸಿದರೂ, 600 ಕಾರ್ಡ್‌ಗಳಲ್ಲಿ ನಿರ್ದಿಷ್ಟವಾದ ಒಂದು ಕಾರ್ಡ್ ಒಮ್ಮೆಯೂ ಬಾರದಿರುವ ಸಾಧ್ಯತೆ ಶೇ 13.5. ಒಂದೇ ಸಲ ಬರುವುದು ಶೇ 27, ಎರಡು ಸಲ ಬರುವುದೂ ಶೇ 27, ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬರುವುದು ಶೇ 32. ಯಾರೋ ಒಬ್ಬ ಗೋಲ್‌ಕೀಪರ್ ಆರು ಸಲ ಬಂದು, ನೀವು ಕಾಯುತ್ತಿರುವ ಫಾರ್ವರ್ಡ್ ಒಮ್ಮೆಯೂ ಮುಖ ತೋರಿಸದಿರುವುದು ಇದೇ ಹಂಚಿಕೆಯ ಫಲ.

ಈಗ ಮುಂದಿನ ಲೆಕ್ಕ. ಅದಲುಬದಲು ಮಾಡದೆ, ಬಿಡಿ ಕಾರ್ಡ್ ಕೊಳ್ಳದೆ, ಬರೀ ಪ್ಯಾಕೆಟ್ ಒಡೆದೇ ಈ 42ನ್ನು ತುಂಬಿಸುತ್ತೇನೆಂದರೆ ಸರಾಸರಿ ಇನ್ನೂ 1,300 ಕಾರ್ಡ್ ಬೇಕು, ಅಂದರೆ ಸುಮಾರು 216 ಪ್ಯಾಕೆಟ್. ಇದುವರೆಗೆ ಕೊಂಡದ್ದರ ಎರಡು ಪಟ್ಟಿಗಿಂತ ಹೆಚ್ಚು. ಅದರಲ್ಲೂ ಖರ್ಚು ಸಮನಾಗಿ ಹರಡುವುದಿಲ್ಲ. 42ರಿಂದ 20ಕ್ಕೆ ಇಳಿಯಲು ಸುಮಾರು 36 ಪ್ಯಾಕೆಟ್ ಸಾಕು. ಆ 20ನ್ನು ಸೊನ್ನೆಗೆ ತರಲು 180 ಪ್ಯಾಕೆಟ್ ಬೇಕು. ಕೊನೆಯ ಒಂದೇ ಒಂದು ಕಾರ್ಡಿಗೆ ಸರಾಸರಿ 50 ಪ್ಯಾಕೆಟ್, ಮತ್ತು ಆ 50 ಒಡೆದ ಮೇಲೂ ಅದು ಸಿಗದಿರುವ ಸಾಧ್ಯತೆ ಶೇ 36ರಷ್ಟಿದೆ. ಇಡೀ ಸೆಟ್ಟನ್ನು ಮೊದಲಿನಿಂದ ನೋಡಿದರೆ ಇನ್ನೂ ವಿಚಿತ್ರ: 300ರಲ್ಲಿ ಮೊದಲ 285 ಕಾರ್ಡ್‌ಗಳಿಗೆ ಸರಾಸರಿ 890 ಕಾರ್ಡ್ ಕೊಳ್ಳಬೇಕು, ಕೊನೆಯ 15ಕ್ಕೆ ಸುಮಾರು 995. ಸೆಟ್‌ನ ಶೇ 95 ಭಾಗಕ್ಕಿಂತ ಉಳಿದ ಶೇ 5 ದುಬಾರಿ.

ಇದು ಒಂದು ಸೆಟ್‌ನ ಕತೆಯಲ್ಲ, ಬೃಹತ್ ಪ್ರಮಾಣದಲ್ಲಿ ಮುದ್ರಿಸಿ ಒಳಗೇನಿದೆಯೆಂದು ಕಾಣದ ಪ್ಯಾಕೆಟ್‌ಗಳಲ್ಲಿ ಮಾರುವ ಎಲ್ಲ ಸೆಟ್‌ಗಳಿಗೂ ಅನ್ವಯಿಸುತ್ತದೆ. 2018ರ ವಿಶ್ವಕಪ್‌ಗೆ ಪಾನಿನಿ ಕಂಪನಿ ತಂದ ಸ್ಟಿಕ್ಕರ್ ಆಲ್ಬಮ್‌ನಲ್ಲಿ 682 ಸ್ಟಿಕ್ಕರ್, ಪ್ಯಾಕೆಟ್ಟಿಗೆ 5 ಇದ್ದವು. ಯಾರೊಂದಿಗೂ ಬದಲಾಯಿಸಿಕೊಳ್ಳದೆ ಅದನ್ನು ತುಂಬಿಸಲು ಸರಾಸರಿ 967 ಪ್ಯಾಕೆಟ್ ಬೇಕು ಎಂದು ಕಾರ್ಡಿಫ್ ವಿಶ್ವವಿದ್ಯಾಲಯದ ಗಣಿತಜ್ಞ ಪಾಲ್ ಹಾರ್ಪರ್ ಆಗ ಲೆಕ್ಕ ಹಾಕಿದ್ದರು. ಒಂದೂ ಡಬಲ್ ಬಾರದಿದ್ದರೆ 137 ಪ್ಯಾಕೆಟ್ಟಿನಲ್ಲಿ ಮುಗಿಯಬೇಕಾದದ್ದು!

ಆದ್ದರಿಂದ ನನ್ನ ನೇರ ಸಲಹೆ: ಹೊಸ ಪ್ಯಾಕೆಟ್ ಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ಯಾವ ಹಂತದಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಒಂದು ಸುಲಭ ಸೂತ್ರವಿದೆ. ಪ್ಯಾಕೆಟ್ಟಿನಲ್ಲಿರುವ ಕಾರ್ಡ್‌ಗಳನ್ನು ನಿಮಗೆ ಬಾಕಿಯಿರುವ ಸಂಖ್ಯೆಯಿಂದ ಗುಣಿಸಿ, ಸೆಟ್‌ನ ಒಟ್ಟು ಸಂಖ್ಯೆಯಿಂದ ಭಾಗಿಸಿ. ನಿಮ್ಮ ಮಟ್ಟಿಗೆ 6 × 42 ÷ 300, ಅಂದರೆ 0.84. ಪ್ಯಾಕೆಟ್ ಒಂದಕ್ಕೆ ಸರಾಸರಿ ಒಂದು ಹೊಸ ಕಾರ್ಡ್ ಕೂಡ ಸಿಗದ ಹಂತಕ್ಕೆ ನೀವು ಆಗಲೇ ಬಂದಿದ್ದೀರಿ. 10 ಬಾಕಿ ಇರುವಾಗ ಅದು 0.2, ಅಂದರೆ ಐದು ಪ್ಯಾಕೆಟ್ಟಿಗೆ ಒಂದು. ಪ್ಯಾಕೆಟ್ಟಿನ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿದರೆ ಒಂದು ಹೊಸ ಕಾರ್ಡಿಗೆ ನೀವು ನಿಜವಾಗಿ ತೆರುತ್ತಿರುವ ಬೆಲೆ ಸಿಗುತ್ತದೆ. ಬಿಡಿ ಕಾರ್ಡನ್ನು ಅಂಚೆ ವೆಚ್ಚ ಸೇರಿಸಿ ಅದಕ್ಕಿಂತ ಕಡಿಮೆಗೆ ಯಾರಾದರೂ ಕೊಡುವುದಾದರೆ ಪ್ಯಾಕೆಟ್ ಕೊಳ್ಳಲು ಕಾರಣವೇ ಇಲ್ಲ. ಒಡೆಯುವ ಖುಷಿಗಾಗಿ ಕೊಳ್ಳುವುದು ಬೇರೆ ಮಾತು, ಆದರೆ ಆ ಹಣವನ್ನು ಸೆಟ್‌ನ ಖರ್ಚಿಗೆ ಬರೆಯಬೇಡಿ.

ಈಗ ಆ ಡಬಲ್‌ಗಳ ರಾಶಿಯ ಕಡೆಗೆ ಬನ್ನಿ. ನೀವು ಅದನ್ನು ಹೊರೆಯೆಂದುಕೊಂಡಿದ್ದೀರಿ, ಸೆಟ್ ಮುಗಿಸುವ ಬಂಡವಾಳ ಅದೇ. 342 ಹೆಚ್ಚುವರಿ ಕಾರ್ಡ್‌ಗಳಿವೆ, ಅವುಗಳಲ್ಲಿ ಬೇರೆ ಬೇರೆ ನಂಬರಿನವು ಸುಮಾರು 178 ಇರಬೇಕು. ನಿಮ್ಮಷ್ಟೇ ಪ್ಯಾಕೆಟ್ ಒಡೆದ ಇನ್ನೊಬ್ಬರನ್ನು ಹುಡುಕಿದರೆ, ಅವರ ಬಳಿಯೂ ಅಷ್ಟೇ ನಂಬರುಗಳ ಡಬಲ್ ಇರುತ್ತವೆ. ನಿಮಗೆ ಬೇಕಾದ ಯಾವುದೇ ಕಾರ್ಡ್ ಅವರ ಡಬಲ್‌ಗಳಲ್ಲಿ ಇರುವ ಸಾಧ್ಯತೆ ಶೇ 59. ಹೀಗೆ 42ರಲ್ಲಿ ಸುಮಾರು 25 ಕಾರ್ಡ್ ಮೊದಲನೆಯವರಿಂದಲೇ ಬರುತ್ತವೆ, ಉಳಿಯುವುದು 17. ಎರಡನೆಯವರ ಜೊತೆ ಬದಲಾಯಿಸಿದಾಗ 7, ಮೂರನೆಯವರ ನಂತರ 3, ನಾಲ್ಕನೆಯವರಾದ ಮೇಲೆ ಒಂದೋ ಎರಡೋ. 216 ಪ್ಯಾಕೆಟ್ಟಿನ ಕೆಲಸ ನಾಲ್ಕು ಜನರ ಪಟ್ಟಿಗಳಲ್ಲಿ ಮುಗಿಯುತ್ತದೆ, ಅವರಿಗೂ ನಿಮ್ಮಿಂದ ಅಷ್ಟೇ ಲಾಭ.

ಇದಕ್ಕೆ ಮೊದಲ ತಯಾರಿ ವಿಂಗಡಣೆ. 600 ಕಾರ್ಡ್‌ಗಳನ್ನು ಒಂದೊಂದಾಗಿ ಸರಿಯಾದ ಜಾಗಕ್ಕೆ ಸೇರಿಸುತ್ತ ಕೂರಬೇಡಿ. ಹಿಂಬದಿಯ ನಂಬರ್ ನೋಡಿ ಮೊದಲು ನೂರರ ಮೂರು ಗುಂಪು ಮಾಡಿ (1–100, 101–200, 201–300). ಪ್ರತಿ ಗುಂಪನ್ನು ಹತ್ತರ ಹತ್ತು ರಾಶಿಗಳಾಗಿ ಹರಡಿ. ಹತ್ತರ ರಾಶಿಯಲ್ಲಿ ಇಪ್ಪತ್ತರಷ್ಟೇ ಕಾರ್ಡ್ ಇರುವುದರಿಂದ ಕೈಯಲ್ಲೇ ಜೋಡಿಸಬಹುದು. ಜೋಡಿಸುವಾಗಲೇ ಒಂದೇ ನಂಬರಿನ ಕಾರ್ಡ್‌ಗಳನ್ನು ಪಕ್ಕಪಕ್ಕ ಹಿಡಿದು ನೋಡಿ. ಮೂಲೆ ಚೂಪಾಗಿರುವ, ಚಿತ್ರ ನಡುವೆ ಕುಳಿತಿರುವ ಪ್ರತಿ ನಿಮಗೆ, ಉಳಿದದ್ದು ಡಬಲ್ ರಾಶಿಗೆ. ಹೀಗೆ ಹೋಲಿಸಲು ಇನ್ನೊಂದು ಕಾರಣವೂ ಇದೆ. ಡಬಲ್ ಎಂದುಕೊಂಡದ್ದು ಕೆಲವೊಮ್ಮೆ ಪ್ಯಾರಲಲ್ ಆಗಿರುತ್ತದೆ: ಅದೇ ಫೋಟೊ, ಅದೇ ನಂಬರ್, ಆದರೆ ಅಂಚಿನ ಬಣ್ಣ ಬೇರೆ, ಅಥವಾ ಬೆಳಕಿಗೆ ಓರೆ ಹಿಡಿದಾಗ ಕಾಣುವ ಬೇರೆ ಹೊಳಪು, ಅಥವಾ ಮೂಲೆಯಲ್ಲಿ 25/99ರಂತೆ ಒತ್ತಿದ ಕ್ರಮಸಂಖ್ಯೆ. 25/99 ಎಂದರೆ ಆ ಬಗೆಯ 99 ಪ್ರತಿಗಳಲ್ಲಿ 25ನೆಯದು. ಇಂಥದ್ದನ್ನು ಸಾಮಾನ್ಯ ಡಬಲ್ ಎಂದು ಕೊಟ್ಟು ಕೈತೊಳೆದುಕೊಂಡವರು ಬಹಳ. ಬೃಹತ್ ಸೆಟ್‌ನಲ್ಲಿ ನಿಜವಾಗಿ ಕಡಿಮೆ ಇರುವುದು ಇವೇ.

ಪಟ್ಟಿ ಎರಡು: ಬೇಕಾದವು, ಕೊಡಲು ಇರುವವು. ಎರಡನ್ನೂ ನಂಬರ್ ಕ್ರಮದಲ್ಲಿ ಬರೆಯಿರಿ, ಆಟಗಾರರ ಹೆಸರು ಬೇಡ. ಸೆಟ್‌ನ ಪೂರ್ತಿ ಹೆಸರು, ಸೀಸನ್, ಯಾವ ದೇಶದ ಅಥವಾ ಭಾಷೆಯ ಆವೃತ್ತಿ ಎಂಬುದನ್ನು ಮೇಲೆ ನಮೂದಿಸಿ. ಒಂದೇ ಹೆಸರಿನ ಸೆಟ್ ಬೇರೆ ಬೇರೆ ದೇಶಗಳಲ್ಲಿ ಬೇರೆ ನಂಬರುಗಳೊಂದಿಗೆ ಬರುವುದುಂಟು, ಅಂಚೆಯಲ್ಲಿ 25 ಕಾರ್ಡ್ ಬಂದ ಮೇಲೆ ಹಿಂಬದಿ ವಿನ್ಯಾಸ ಬೇರೆಯೆಂದು ತಿಳಿದರೆ ಜಗಳವಾಗುತ್ತದೆ. ಬೇಸ್‌ಗೆ ಬೇಸ್ ಒಂದಕ್ಕೊಂದು ಎಂಬುದೇ ನ್ಯಾಯ. ದೊಡ್ಡ ಆಟಗಾರನ ಬೇಸ್ ಕಾರ್ಡಿಗೆ ಮೂರು ಕೇಳುವವರು ಸಿಗುತ್ತಾರೆ. ಮುದ್ರಣ ಸಂಖ್ಯೆ ಒಂದೇ ಆಗಿರುವಾಗ ಅದಕ್ಕೆ ಒಪ್ಪಬೇಕಿಲ್ಲ, ಆದರೆ ನಿಮ್ಮ ಬಳಿ ಯಾರಿಗೂ ಬೇಡದ ಡಬಲ್‌ಗಳೇ 300 ಇದ್ದರೆ ಒಪ್ಪಿದರೂ ನಷ್ಟವಿಲ್ಲ. ಹೊಳಪಿನ ಕಾರ್ಡ್‌ಗಳನ್ನು ಹೊಳಪಿನವಕ್ಕೇ ಬದಲಾಯಿಸಿ, ಇಲ್ಲವೇ ಎಷ್ಟು ಬೇಸ್‌ಗೆ ಒಂದು ಎಂದು ಮೊದಲೇ ಮಾತಾಡಿಕೊಳ್ಳಿ.

ಕಳಿಸುವಾಗ ಬೇಸ್ ಕಾರ್ಡ್‌ಗಳಿಗೆ ಒಂದೊಂದಕ್ಕೂ ಸ್ಲೀವ್ (ತೆಳು ಪ್ಲಾಸ್ಟಿಕ್ ಚೀಲ) ಬೇಕಾಗಿಲ್ಲ. 15–20 ಕಾರ್ಡ್ ಜೋಡಿಸಿ, ಸುತ್ತ ಅಗಲವಾದ ಕಾಗದದ ಪಟ್ಟಿ ಸುತ್ತಿ ಪಟ್ಟಿಯ ಮೇಲೆ ಮಾತ್ರ ಟೇಪ್ ಹಚ್ಚಿ, ಕಾರ್ಡಿಗಿಂತ ಸುತ್ತಲೂ ಒಂದು ಸೆಂಟಿಮೀಟರ್ ದೊಡ್ಡದಾದ ಎರಡು ರಟ್ಟುಗಳ ನಡುವೆ ಇಡಿ. ರಟ್ಟು ದೊಡ್ಡದಿರಬೇಕು, ಏಕೆಂದರೆ ಲಕೋಟೆ ಬಿದ್ದಾಗ ಪೆಟ್ಟು ತಿನ್ನುವುದು ಮೂಲೆ. ರಬ್ಬರ್ ಬ್ಯಾಂಡ್ ಯಾವ ಕಾರಣಕ್ಕೂ ಬೇಡ, ಅದು ಹೊರಗಿನ ಎರಡು ಕಾರ್ಡ್‌ಗಳ ಅಂಚನ್ನು ಕಚ್ಚುತ್ತದೆ, ದಿನ ಕಳೆದಂತೆ ಕರಗಿ ಅಂಟಿಕೊಳ್ಳುತ್ತದೆ. ಬೆಲೆಬಾಳುವುದು ಇದ್ದರೆ ಮೊದಲು ಮೃದುವಾದ ಸ್ಲೀವ್, ಅದರ ಮೇಲೆ ಟಾಪ್‌ಲೋಡರ್ ಎಂಬ ಗಟ್ಟಿ ಪ್ಲಾಸ್ಟಿಕ್ ಕವಚ, ಬಾಯಿಗೆ ಗೋಡೆಗೆ ಬಣ್ಣ ಬಳಿಯುವವರು ಬಳಸುವ ಸುಲಭವಾಗಿ ಕಿತ್ತುಬರುವ ಟೇಪ್. ಪಾರದರ್ಶಕ ಟೇಪ್ ಹಚ್ಚಿದರೆ ಪಡೆದವರು ಕತ್ತರಿಯಿಂದ ಕೀಳುವಾಗ ಕಾರ್ಡಿಗೇ ಗಾಯವಾಗುತ್ತದೆ. ಪರಿಚಯವಿಲ್ಲದವರೊಂದಿಗೆ ಮೊದಲ ಸಲ 8–10 ಕಾರ್ಡ್ ಮಾತ್ರ ಬದಲಾಯಿಸಿ, ಇಬ್ಬರೂ ಒಂದೇ ದಿನ ಕಳಿಸಿ ರಸೀದಿಯ ಫೋಟೊ ಹಂಚಿಕೊಳ್ಳಿ.

ಕೊನೆಗೆ ಉಳಿಯುವ ಮೂರೋ ನಾಲ್ಕೋ ಕಾರ್ಡ್‌ಗಳನ್ನು ಹಣ ಕೊಟ್ಟೇ ತನ್ನಿ. ಕೆಲವು ಸೆಟ್‌ಗಳಿಗೆ ಬಾಕಿ ನಂಬರುಗಳನ್ನು ಕಂಪನಿಯಿಂದಲೇ ತರಿಸಿಕೊಳ್ಳುವ ವ್ಯವಸ್ಥೆ ಇರುತ್ತದೆ, ಆಲ್ಬಮ್‌ನ ಹಿಂಪುಟದಲ್ಲೋ ಬಾಕ್ಸಿನ ಮೇಲೋ ವಿವರ ಹುಡುಕಿ. ಅದಕ್ಕೆ ಕೊನೆಯ ದಿನಾಂಕ ಇರುತ್ತದೆ. ಇಲ್ಲವಾದರೆ ಬಿಡಿಯಾಗಿ ಮಾರುವ ಒಬ್ಬರಿಂದಲೇ ಎಲ್ಲವನ್ನೂ ಕೊಳ್ಳಿ. ಬೇಸ್ ಕಾರ್ಡಿನ ಬೆಲೆಗಿಂತ ಅಂಚೆ ವೆಚ್ಚವೇ ಹೆಚ್ಚಾಗುವುದರಿಂದ ನಾಲ್ವರಿಂದ ನಾಲ್ಕು ತರಿಸುವುದು ದಂಡ. ಮುಂದಿನ ಸೀಸನ್ನಿಗೆ ಇದನ್ನೂ ಗಮನದಲ್ಲಿಡಿ: ಆಟಗಾರರ ಸಹಿ ಇರುವ ಕಾರ್ಡ್, ಕ್ರಮಸಂಖ್ಯೆ ಇರುವ ಪ್ಯಾರಲಲ್‌ಗಳಿಗಾಗಿ ಹತ್ತಾರು ಬಾಕ್ಸ್ ಒಟ್ಟಿಗೆ ಒಡೆಯುವವರಿಗೆ ಬೇಸ್ ಕಾರ್ಡ್‌ಗಳು ಜಾಗ ತಿನ್ನುವ ಕಸ. ಅವರು ಪೂರ್ತಿ ಬೇಸ್ ಸೆಟ್ ಕಟ್ಟಿ ಅಗ್ಗಕ್ಕೆ ಕೊಡುತ್ತಾರೆ. ಸೆಟ್ ಮಾತ್ರ ಬೇಕೆನ್ನುವವರಿಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿಯಿಲ್ಲ, ಹುಡುಕುವ ಆಟ ಬೇಕೆನ್ನುವವರಿಗೆ ಇದಕ್ಕಿಂತ ನೀರಸವಾದದ್ದೂ ಇಲ್ಲ.

ಬೇಕೆಂದೇ ಕಡಿಮೆ ಮುದ್ರಿಸುತ್ತಾರೆಯೇ?

ಬೇಸ್ ಸೆಟ್ ಮಟ್ಟಿಗೆ, ಸಾಮಾನ್ಯವಾಗಿ ಇಲ್ಲ. 2010ರ ವಿಶ್ವಕಪ್ ಆಲ್ಬಮ್ ಬಂದಾಗ ಜಿನೀವಾ ವಿಶ್ವವಿದ್ಯಾಲಯದ ಸಿಲ್ವಾನ್ ಸಾರ್ಡಿ ಮತ್ತು ಇವಾನ್ ವೆಲೆನಿಕ್ ಎಂಬ ಗಣಿತಜ್ಞರು ಇದೇ ಅನುಮಾನವನ್ನು ಪರೀಕ್ಷಿಸಲು 6,000 ಸ್ಟಿಕ್ಕರ್‌ಗಳನ್ನು ಎಣಿಸಿ ನೋಡಿದರು. ಯಾವುದನ್ನೋ ಬೇಕೆಂದು ಕಡಿಮೆ ಮಾಡಿದ ಕುರುಹು ಅವರಿಗೆ ಸಿಗಲಿಲ್ಲ.

ಆದರೂ ಕಾರ್ಡ್‌ಗಳಲ್ಲಿ ಅಸಮಾನತೆ ನುಸುಳಲು ಒಂದು ತಾಂತ್ರಿಕ ಕಾರಣವಿದೆ. ಕಾರ್ಡ್‌ಗಳನ್ನು ಒಂದೊಂದಾಗಿ ಮುದ್ರಿಸುವುದಿಲ್ಲ. ನೂರು, ನೂರಿಪ್ಪತ್ತೊಂದು, ನೂರಮೂವತ್ತೆರಡು ಹೀಗೆ ದೊಡ್ಡ ಹಾಳೆಯಲ್ಲಿ ಒಟ್ಟಿಗೆ ಮುದ್ರಿಸಿ ಕತ್ತರಿಸುತ್ತಾರೆ. ಹಾಳೆಯ ಮನೆಗಳಿಗೂ ಸೆಟ್‌ನ ಸಂಖ್ಯೆಗೂ ತಾಳೆಯಾದರೆ ಎಲ್ಲವೂ ಸಮ. ಟಾಪ್ಸ್ ಕಂಪನಿಯ ಅಮೆರಿಕನ್ ಫುಟ್‌ಬಾಲ್ ಸೆಟ್‌ಗಳು 1973ರಿಂದ 1982ರವರೆಗೆ 528 ಕಾರ್ಡ್‌ಗಳದ್ದಾಗಿದ್ದವು: 132ರ ಸರಿಯಾಗಿ ನಾಲ್ಕು ಪಟ್ಟು. ತಾಳೆಯಾಗದಿದ್ದರೆ ಉಳಿದ ಮನೆಗಳನ್ನು ಖಾಲಿ ಬಿಡುವುದಿಲ್ಲ, ಕೆಲವು ಕಾರ್ಡ್‌ಗಳನ್ನು ಎರಡು ಸಲ ಕೂರಿಸುತ್ತಾರೆ. ಆಗ ಅವು ಉಳಿದವುಗಳ ಎರಡರಷ್ಟು ಸಿಗುತ್ತವೆ. ಇನ್ನೊಂದು ಬಗೆ, ಮುದ್ರಣದ ನಡುವೆ ಕಾರ್ಡನ್ನೇ ಹಿಂತೆಗೆಯುವುದು. ‘ಪ್ರೊ ಸೆಟ್’ ಎಂಬ ಕಂಪನಿಯ 1989ರ ಅಮೆರಿಕನ್ ಫುಟ್‌ಬಾಲ್ ಸೆಟ್‌ನಲ್ಲಿ 47ನೆಯ ಕಾರ್ಡ್ ಮೊದಲು ವಿಲಿಯಂ ಪೆರ್ರಿಯದ್ದಾಗಿತ್ತು, ಅದನ್ನು ತೆಗೆದು ರಾನ್ ಮಾರಿಸ್ ಕಾರ್ಡ್ ಹಾಕಿದರು. ಅದೇ ಸೆಟ್‌ನಲ್ಲಿ ಪೆರ್ರಿ ಕಾರ್ಡ್ ಉಳಿದವಕ್ಕಿಂತ ಕಡಿಮೆ. ಆದರೆ ಒಟ್ಟು ಮುದ್ರಣವೇ ಅಗಾಧವಾಗಿದ್ದುದರಿಂದ ಆ ‘ಅಪರೂಪ’ಕ್ಕೂ ಮಹಾ ಬೆಲೆಯೇನೂ ಬರಲಿಲ್ಲ.

ನಿಮ್ಮ ಸೆಟ್‌ನಲ್ಲಿ ಹೀಗೇನಾದರೂ ಆಗಿದೆಯೇ ಎಂದು ನಿಮ್ಮ 600 ಕಾರ್ಡ್ ನೋಡಿ ಹೇಳಲಾಗದು. ನಂಬರಿಗೆ ಸರಾಸರಿ ಎರಡೇ ಬರುವಲ್ಲಿ ಸೊನ್ನೆ ಎಂಬುದಕ್ಕೆ ಅರ್ಥವಿಲ್ಲ. ಹತ್ತು ಜನ ತಮ್ಮ ಎಣಿಕೆ ಕೂಡಿಸಿ 6,000 ಕಾರ್ಡ್‌ಗಳ ಲೆಕ್ಕ ಮಾಡಿದರೆ ನಂಬರಿಗೆ ಸರಾಸರಿ 20 ಬರುತ್ತದೆ. ಆಗ ಯಾವುದೋ ಒಂದು 9 ಅಥವಾ 10 ಬಂದಿದ್ದರೆ ಅದು ಆಕಸ್ಮಿಕವೇ. 4 ಅಥವಾ 5 ಬಂದಿದ್ದರೆ ಅನುಮಾನಿಸಿ, ಅದನ್ನು ಅದಲುಬದಲಿಗೆ ಕಾಯದೆ ಬೇಗ ಕೊಂಡುಬಿಡಿ. ಎಣಿಕೆಯಲ್ಲಿ ಎಲ್ಲರ ಪೂರ್ತಿ ಕಾರ್ಡ್‌ಗಳೂ ಇರಬೇಕು. ಜನ ತಮಗೆ ‘ಬೇಕಾದ’ ಪಟ್ಟಿಯನ್ನು ಮಾತ್ರ ಕೊಟ್ಟರೆ ಪ್ರಸಿದ್ಧ ಆಟಗಾರರೇ ಅಪರೂಪ ಎಂಬಂತೆ ಕಾಣುತ್ತದೆ, ಏಕೆಂದರೆ ಅವರ ಡಬಲ್‌ಗಳನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಪ್ಯಾಕೆಟ್ ಮೇಲೆ ಬರೆದಿರುವ 1:24ರಂಥ ಅಂಕಿಗಳ ಬಗ್ಗೆಯೂ ಎರಡು ಮಾತು. ಒಟ್ಟು ಉತ್ಪಾದನೆಯಲ್ಲಿ ಆ ಬಗೆಯ ವಿಶೇಷ ಕಾರ್ಡ್ 24 ಪ್ಯಾಕೆಟ್ಟಿಗೆ ಒಂದು ಎಂದಷ್ಟೇ ಅದರ ಅರ್ಥ. ನಿಮ್ಮ ಕೈಯಲ್ಲಿರುವ 24ರಲ್ಲಿ ಒಂದು ಇದ್ದೇ ಇರುತ್ತದೆ ಎಂಬ ಭರವಸೆಯಲ್ಲ.

ಬಾಗಿದ ಕಾರ್ಡ್, ಇಡುವ ಬಗೆ

ಹೊಳಪಿನ ಕಾರ್ಡಿನ ಒಂದು ಮುಖ ಲೋಹದಂಥ ಪದರ ಅಥವಾ ಪ್ಲಾಸ್ಟಿಕ್, ಇನ್ನೊಂದು ಮುಖ ಕಾಗದ. ಗಾಳಿಯ ತೇವ ಹೆಚ್ಚಿದಾಗ ಕಾಗದ ಹಿಗ್ಗುತ್ತದೆ, ಹೊಳಪಿನ ಪದರ ಹಿಗ್ಗುವುದಿಲ್ಲ, ಕಾರ್ಡ್ ಹೊಳಪಿನ ಕಡೆಗೆ ಸುರುಳಿಯಾಗುತ್ತದೆ. ಗಾಳಿ ತೀರ ಒಣಗಿದ್ದರೆ ಕಾಗದ ಕುಗ್ಗಿ ಹಿಂಬದಿಗೆ ಬಾಗುತ್ತದೆ. ಹಾಗಾಗಿ ಯಾವ ಕಡೆ ಬಾಗಿದೆ ಎಂದು ಮೊದಲು ನೋಡಿ. ಚಿತ್ರದ ಕಡೆಗೆ ಅಂಚುಗಳು ಎದ್ದಿದ್ದರೆ ತೇವ ಕಾರಣ: ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಎರಡು ಮೂರು ದಿನ ಇಡಿ, ಪೊಟ್ಟಣ ಕಾರ್ಡಿಗೆ ತಾಗದಿರಲಿ. ನೆಟ್ಟಗಾದ ಮೇಲೆ ಸ್ಲೀವ್‌ಗೆ ಹಾಕಿ ಎರಡು ಸಮತಟ್ಟು ರಟ್ಟುಗಳ ನಡುವೆ ಪುಸ್ತಕದ ಭಾರ ಹೇರಿ ಒಂದು ವಾರ ಬಿಡಿ. ಜೆಲ್ ಜೊತೆ ತಿಂಗಳುಗಟ್ಟಲೆ ಬಿಟ್ಟರೆ ಕಾರ್ಡ್ ಇನ್ನೊಂದು ಕಡೆಗೆ ಬಾಗುತ್ತದೆ, ಆದ್ದರಿಂದ ದೀರ್ಘಕಾಲಕ್ಕೆ ಸಾಪೇಕ್ಷ ಆರ್ದ್ರತೆ ಶೇ 45–50ರ ಆಸುಪಾಸಿನಲ್ಲಿ ನಿಲ್ಲಿಸುವ, ತೇವ ಕೊಟ್ಟು ಹೀರುವ ಎರಡೂ ಕೆಲಸ ಮಾಡುವ ಪೊಟ್ಟಣಗಳು ಉತ್ತಮ. ಇಸ್ತ್ರಿ, ಕೂದಲು ಒಣಗಿಸುವ ಯಂತ್ರ, ಕೈಯಲ್ಲಿ ಹಿಮ್ಮುಖ ಬಗ್ಗಿಸುವುದು, ಇವು ಮೂರೂ ಮೇಲ್ಪದರವನ್ನು ಬಿರುಕು ಬಿಡಿಸುತ್ತವೆ.

ಬೇಸ್ ಸೆಟ್‌ಗೆ ಒಂಬತ್ತು ಜೇಬಿನ ಹಾಳೆಗಳ ಬೈಂಡರ್ ಸರಿಹೋಗುತ್ತದೆ. ಜೇಬಿಗೆ ಬೆನ್ನಿಗೆ ಬೆನ್ನು ಎರಡು ಕಾರ್ಡ್ ಹಾಕಿದರೆ 300ಕ್ಕೆ 17 ಹಾಳೆ, ಹಿಂಬದಿಯೂ ಕಾಣಬೇಕೆಂದು ಒಂದೊಂದೇ ಹಾಕಿದರೆ 34. ಬಾಕಿ ನಂಬರಿಗೆ ಜಾಗ ಖಾಲಿ ಬಿಡಿ. ಇಲ್ಲದಿದ್ದರೆ ಮಧ್ಯದಲ್ಲಿ ಒಂದು ಸಿಕ್ಕಾಗ ಉಳಿದದ್ದೆಲ್ಲ ಸರಿಸಬೇಕು, ಪ್ರತಿ ಸರಿಸುವಿಕೆಯಲ್ಲೂ ಮೂಲೆಗಳಿಗೆ ಅಪಾಯ. ಹಾಳೆ ಪಿವಿಸಿಯದ್ದಾಗಬಾರದು. ಪಿವಿಸಿಯನ್ನು ಮೆದುಗೊಳಿಸಲು ಬೆರೆಸುವ ರಾಸಾಯನಿಕ ವರ್ಷಗಳಲ್ಲಿ ಹೊರಬಂದು ಮುದ್ರಣಕ್ಕೆ ಅಂಟಿಕೊಳ್ಳುತ್ತದೆ. ಪಾಲಿಪ್ರೊಪಿಲೀನ್ ಎಂದು ಬರೆದಿರುವುದನ್ನು ಕೊಳ್ಳಿ. ಬೈಂಡರ್‌ನ ಉಂಗುರ ದುಂಡಗಿದ್ದರೆ ಒಳಬದಿಯ ಹಾಳೆಗಳು ಅದರ ಬಾಗಿದ ಭಾಗದ ಮೇಲೆ ಏರಿ ಕಾರ್ಡ್‌ಗಳಲ್ಲಿ ತಗ್ಗು ಬೀಳುತ್ತದೆ, ಒಂದು ಬದಿ ನೇರವಾಗಿರುವ ಡಿ ಆಕಾರದ ಉಂಗುರ ಆರಿಸಿ. ತುಂಬಿದ ಬೈಂಡರ್ ಅನ್ನು ನಿಲ್ಲಿಸಿ ಇಡಿ, ಒಂದರ ಮೇಲೊಂದು ಪೇರಿಸಬೇಡಿ. ಬಿಸಿಲು ಬೀಳುವ ಕಪಾಟು ಬೇಡ, ಕೆಂಪು ಮತ್ತು ಹಳದಿ ಬಣ್ಣಗಳು ಮೊದಲು ಮಸುಕಾಗುತ್ತವೆ. ಡಬಲ್‌ಗಳಿಗೆ ಸಾಮಾನ್ಯ ರಟ್ಟಿನ ಉದ್ದನೆಯ ಪೆಟ್ಟಿಗೆ ಸಾಕು, ಆದರೆ ಪೆಟ್ಟಿಗೆ ಅರ್ಧ ಖಾಲಿಯಿದ್ದರೆ ಕಾರ್ಡ್‌ಗಳು ವಾಲಿ ಬಾಗುತ್ತವೆ, ಉಳಿದ ಜಾಗಕ್ಕೆ ಮಡಿಸಿದ ಕಾಗದ ತುಂಬಿ.

ಗ್ರೇಡಿಂಗ್ ಮತ್ತು ಬೆಲೆ

ಈ ಸೆಟ್‌ನ ಬೇಸ್ ಕಾರ್ಡ್‌ಗಳನ್ನು ಗ್ರೇಡಿಂಗ್‌ಗೆ ಕಳಿಸಬೇಡಿ, ಆಟಗಾರ ಯಾರೇ ಆಗಿರಲಿ. ಕಾರಣ ಹೀಗಿದೆ. ಗ್ರೇಡಿಂಗ್ ಕಂಪನಿಗಳು ನೋಡುವುದು ನಾಲ್ಕು: ಚಿತ್ರ ನಡುವೆ ಕುಳಿತಿದೆಯೇ, ಮೂಲೆ, ಅಂಚು, ಮೇಲ್ಮೈ. ಪಿಎಸ್‌ಎ ಕಂಪನಿಯ ಅತ್ಯುನ್ನತ 10 ಸಿಗಬೇಕಾದರೆ ಮುಂಬದಿಯ ಚಿತ್ರ ಸುಮಾರು 55/45ರೊಳಗೆ ಇರಬೇಕು. ಎಡ ಬಲದ ಬಿಳಿ ಅಂಚು ಸೇರಿ 4 ಮಿಲಿಮೀಟರ್ ಎಂದುಕೊಳ್ಳಿ, 2.2 ಮತ್ತು 1.8 ಇದ್ದರೆ ಗಡಿಯಲ್ಲಿ ಪಾಸು, 2.4 ಮತ್ತು 1.6 ಇದ್ದರೆ ಅದು 60/40, ಹತ್ತು ಸಿಗದು. ಇಷ್ಟೆಲ್ಲ ಸರಿಯಿದ್ದು ಹತ್ತು ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಇಂದಿನ ಮುದ್ರಣ ಮತ್ತು ಕತ್ತರಿಸುವ ಯಂತ್ರಗಳು ನಿಖರವಾಗಿರುವುದರಿಂದ ಅದೇ ಕಾರ್ಡಿನ ಹತ್ತಂಕದ ಪ್ರತಿಗಳು ರಾಶಿ ರಾಶಿ ಇರುತ್ತವೆ. ಎಷ್ಟಿವೆ ಎಂಬುದನ್ನು ಗ್ರೇಡಿಂಗ್ ಕಂಪನಿಗಳೇ ತಮ್ಮ ಪಟ್ಟಿಯಲ್ಲಿ ಪ್ರಕಟಿಸುತ್ತವೆ, ಕಳಿಸುವ ಮುನ್ನ ಅದನ್ನು ನೋಡಿ. ಶುಲ್ಕ, ಹೋಗಿಬರುವ ಅಂಚೆ, ವಿಮೆ ಎಲ್ಲ ಕೂಡಿಸಿ. 9 ಸಿಕ್ಕರೂ ಆ ಮೊತ್ತ ವಾಪಸು ಬರುವಂತಿದ್ದರೆ ಮಾತ್ರ ಕಳಿಸುವುದು ಜಾಣತನ. ಬೇಸ್ ಕಾರ್ಡಿಗೆ ಹಾಗಾಗುವುದು ತೀರ ವಿರಳ, ಕ್ರಮಸಂಖ್ಯೆಯ ಪ್ಯಾರಲಲ್‌ಗೆ ಆಗಬಹುದು.

ಬೆಲೆ ತಿಳಿಯಲು ಮಾರಾಟಕ್ಕೆ ಹಾಕಿದವರು ಕೇಳುತ್ತಿರುವ ಬೆಲೆ ನೋಡಬೇಡಿ, ಮಾರಾಟವಾಗಿ ಮುಗಿದ ವ್ಯವಹಾರಗಳ ಬೆಲೆ ನೋಡಿ. ಎರಡಕ್ಕೂ ಹತ್ತು ಪಟ್ಟು ಅಂತರ ಇರುವುದುಂಟು. ಕಾರ್ಡ್ ಮೇಲೆ ‘ಲಿಮಿಟೆಡ್ ಎಡಿಷನ್’ ಎಂದು ಚಿನ್ನದ ಅಕ್ಷರದಲ್ಲಿ ಬರೆದು ಕ್ರಮಸಂಖ್ಯೆ ಕೊಡದಿದ್ದರೆ ಆ ಮಾತಿಗೆ ಬೆಲೆ ಕಟ್ಟಬೇಡಿ. ಪತ್ರಿಕೆಗಳ ಜೊತೆ, ತಗಡಿನ ಡಬ್ಬಿಗಳ ಜೊತೆ ಬರುವ ಇಂಥ ಕಾರ್ಡ್‌ಗಳು ಪ್ಯಾಕೆಟ್ಟಿನಲ್ಲಿ ಸಿಗುವುದಿಲ್ಲ ಎಂಬುದು ನಿಜ, ಕಡಿಮೆ ಇವೆ ಎಂಬುದು ನಿಜವಲ್ಲ.

‘ಆದರೆ ಮೆಸ್ಸಿಯ ಮೊದಲ ಕಾರ್ಡ್ ಕೂಡ ಮಕ್ಕಳ ಪ್ಯಾಕೆಟ್ಟಿನಲ್ಲೇ ಬಂದಿತ್ತಲ್ಲ’ ಎಂದು ಕೇಳಬಹುದು. ಹೌದು, 2004–05ರ ಪಾನಿನಿ ಮೆಗಾಕ್ರ್ಯಾಕ್ಸ್ ಸೆಟ್‌ನ 71ನೆಯ ಕಾರ್ಡ್, ಸ್ಪೇನಿನ ಮಕ್ಕಳಿಗಾಗಿ ಮುದ್ರಿಸಿದ ಸಾಮಾನ್ಯ ಸೆಟ್‌ನದ್ದು, ಇಂದು ಅದು ಬಹು ಬೆಲೆಯದ್ದು. 1979–80ರ ಪಾನಿನಿ ಕಾಲ್ಚಾತೋರಿ ಎಂಬ ಇಟಲಿಯ ಆಲ್ಬಮ್‌ನ ಮರಡೋನ ಸ್ಟಿಕ್ಕರ್ ಕೂಡ ಹಾಗೇ. ಅಲ್ಲಿ ಎರಡು ಸಂಗತಿ ಕೂಡಿಬಂದವು: ಆಟಗಾರ ಯಾರೂ ಊಹಿಸದಷ್ಟು ಎತ್ತರಕ್ಕೆ ಬೆಳೆದ, ಕಾರ್ಡ್‌ಗಳು ಮಾತ್ರ ಮಕ್ಕಳ ಜೇಬಿನಲ್ಲಿ ಸವೆದವು, ಸ್ಟಿಕ್ಕರ್ ಆಗಿದ್ದರೆ ಆಲ್ಬಮ್‌ಗೆ ಅಂಟಿಹೋದವು. ಅಂದು ಅವನ್ನು ಹೂಡಿಕೆಯೆಂದು ಜೋಪಾನ ಮಾಡಿದವರು ಬೆರಳೆಣಿಕೆಯ ಜನ. ಈಗ ಎಲ್ಲರೂ ಪ್ಯಾಕೆಟ್ ಒಡೆದ ಕೂಡಲೇ ಸ್ಲೀವ್ ತೊಡಿಸುತ್ತಾರೆ, ಹಾಗಾಗಿ ಆ ಎರಡನೆಯ ಸಂಗತಿ ಮತ್ತೆ ಘಟಿಸುವಂತಿಲ್ಲ. 1980ರ ದಶಕದ ಕೊನೆ ಮತ್ತು 1990ರ ಆರಂಭದಲ್ಲಿ ಅಮೆರಿಕದಲ್ಲಿ ಆದದ್ದೇ ಇದು: ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು, ಜನ ಮಿತಿಯಿಲ್ಲದೆ ಕೂಡಿಟ್ಟರು, ಆ ಸೆಟ್‌ಗಳು ಇಂದಿಗೂ ಅಗ್ಗಕ್ಕೆ ಸಿಗುತ್ತವೆ. ಮೆಸ್ಸಿಯ ಆ ಕಾರ್ಡನ್ನು ಯಾರಾದರೂ ಅಗ್ಗಕ್ಕೆ ಕೊಡಲು ಬಂದರೆ ಮೊದಲು ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಿ. ಅಸಲಿಯಲ್ಲಿ ಚಿತ್ರದ ಭಾಗ ಕ್ರಮಬದ್ಧ ಬಣ್ಣದ ಚುಕ್ಕಿಗಳಿಂದಾಗಿದ್ದು, ಕಪ್ಪು ಅಕ್ಷರಗಳು ಚುಕ್ಕಿಯಿಲ್ಲದೆ ಗಟ್ಟಿಯಾಗಿ ಇರುತ್ತವೆ. ಸ್ಕ್ಯಾನ್ ಮಾಡಿ ಮುದ್ರಿಸಿದ ನಕಲಿನಲ್ಲಿ ಅಕ್ಷರಗಳೂ ಚುಕ್ಕಿಚುಕ್ಕಿಯಾಗಿರುತ್ತವೆ.

ಒಡೆಯದ ಬಾಕ್ಸ್

24 ಪ್ಯಾಕೆಟ್ ಎಂದರೆ 144 ಬೇಸ್ ಕಾರ್ಡ್. 42 ಬಾಕಿಯಿರುವ ಈಗ ಅದನ್ನು ಒಡೆದರೆ ಸುಮಾರು 16 ಹೊಸ ಕಾರ್ಡ್ ನಿರೀಕ್ಷಿಸಬಹುದು. ಒಂದೇ ಬಾಕ್ಸಿನೊಳಗೆ ಡಬಲ್ ಕಡಿಮೆ ಬರುವಂತೆ ಪ್ಯಾಕ್ ಮಾಡುವ ಸೆಟ್‌ಗಳಲ್ಲಿ ಇನ್ನೂ ಕೆಲವು ಹೆಚ್ಚು. ಅದಲುಬದಲು ಮುಗಿಸಿ ಮೂರು ಮಾತ್ರ ಬಾಕಿ ಉಳಿದಾಗ ಒಡೆದರೆ ಸಿಗುವುದು ಸರಾಸರಿ ಒಂದು. ಆದ್ದರಿಂದ ಒಡೆಯುವುದಾದರೆ ಮೊದಲು ಬಾಕ್ಸ್, ಆಮೇಲೆ ಪಟ್ಟಿ ಹಿಡಿದು ಅದಲುಬದಲು. ಬಾಕ್ಸಿನಿಂದ ಬರುವ ನೂರಕ್ಕೂ ಹೆಚ್ಚು ಹೊಸ ಡಬಲ್‌ಗಳಿಗೆ ಬೇಡಿಕೆ ಇರುವುದೂ ಈಗಲೇ. ಸೀಸನ್ ಮುಗಿದು ಮುಂದಿನ ಸೆಟ್ ಬಂದರೆ ಹಳೆಯದನ್ನು ಬದಲಾಯಿಸಿಕೊಳ್ಳುವವರು ಸಿಗುವುದಿಲ್ಲ.

ಬೆಲೆ ಏರಲೆಂದು ಇಡುವುದಾದರೆ, ನಿಮ್ಮಂತೆಯೇ ಸಾವಿರಾರು ಜನ ಇಟ್ಟಿರುತ್ತಾರೆ ಎಂಬುದನ್ನು ಮರೆಯಬೇಡಿ. ಜೊತೆಗೆ ಹೊಳಪು ಬಳಿದ ಕಾರ್ಡ್‌ಗಳು ತೇವ, ಸೆಕೆ, ಒತ್ತಡದಿಂದ ಪ್ಯಾಕೆಟ್ಟಿನೊಳಗೇ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುವುದುಂಟು, ಬಿಡಿಸಿದರೆ ಮುಖದ ಬಣ್ಣವೇ ಕಿತ್ತುಬರುತ್ತದೆ. ಆದರೂ ಇಡುವಿರಾದರೆ ಕಂಪನಿಯ ಹೊರ ಪ್ಲಾಸ್ಟಿಕ್ ಹೊದಿಕೆ ಹರಿಯದಂತೆ, ಮೇಲೆ ಭಾರ ಹೇರದೆ ಇಡಿ. ಹೊದಿಕೆ ಹೋದ ಬಾಕ್ಸಿನ ಬಿಡಿ ಪ್ಯಾಕೆಟ್‌ಗಳನ್ನು ತಿಳಿದವರು ಕೊಳ್ಳುವುದಿಲ್ಲ. ದಪ್ಪ ಕಾರ್ಡ್ ಇರುವ ಪ್ಯಾಕೆಟ್ಟನ್ನು ತೂಗಿಯೋ ಮುಟ್ಟಿಯೋ ಪತ್ತೆಮಾಡಿ ಒಳ್ಳೆಯದನ್ನು ಆರಿಸಿ ತೆಗೆದಿರಬಹುದೆಂಬ ಅನುಮಾನ ಅವರಿಗೆ ಸಹಜ, ಮತ್ತು ನೀವು ಬಿಡಿ ಪ್ಯಾಕೆಟ್ ಕೊಳ್ಳುವಾಗಲೂ ಅದೇ ಅನುಮಾನ ಇಟ್ಟುಕೊಳ್ಳಿ.

ನಿಮ್ಮ ಸ್ಥಿತಿಯಲ್ಲಿ ಒಡೆಯುವುದೇ ಸರಿ. 16 ಸಿಕ್ಕರೆ ಬಾಕಿ 26 ಆಗುತ್ತದೆ. ನಿಮ್ಮಷ್ಟೇ ಕಾರ್ಡ್ ಇರುವ ಇಬ್ಬರು ಸಿಕ್ಕರೆ ನಾಲ್ಕೈದಕ್ಕೆ ಇಳಿಯುತ್ತದೆ, ಅವನ್ನು ಒಂದೇ ಲಕೋಟೆಯಲ್ಲಿ ಕೊಂಡು ತರಿಸಿ.